ಆಟದ ಪೆಟ್ಟಿಗೆಗೆ ಯಾವ ತಂತಿ?

ಟೆಲಿವಿಷನ್ ಪೆಟ್ಟಿಗೆಯನ್ನು ನಿರ್ಮಿಸಿದ ಮಹನೀಯರು, ಮನೆಯ ಜನರೇ ಅದರೊಳಕ್ಕೆ ಒಂದು ದಿನ ಚಿತ್ರ ಕಳುಹಿಸಿಯಾರೆಂದು ಎಣಿಸಿರಲಿಲ್ಲ. ಚಿತ್ರವೆಂಬುದು ಪ್ರಸಾರ ಕೇಂದ್ರದಿಂದ ಬರತಕ್ಕದ್ದು. ಮನೆಯವರು ಕುಳಿತು ನೋಡತಕ್ಕವರು. ಆದುದರಿಂದ ಆ ಪೆಟ್ಟಿಗೆಗೆ ಇದ್ದುದು ಒಂದೇ ಬಾಗಿಲು: ಹಿಂಭಾಗದಲ್ಲಿ ಆಂಟೆನಾದ ತಂತಿಯನ್ನು ಬಿಗಿಯುವ ಎರಡು ತಿರುಪು. ಈ ಒಂಟಿ ಬಾಗಿಲ ಮನೆಗೆ ಅರ್ಧ ಶತಮಾನದ ಹಿಂದೆ ಆಟದ ಯಂತ್ರವೆಂಬ ಅತಿಥಿ ಬಂದಾಗ, ಅದು ಒಳಗೆ ಹೋದದ್ದು ಹೇಗೆ, ಮುಂದೆ ಅದಕ್ಕಾಗಿ ಎಷ್ಟು ಬಾಗಿಲುಗಳನ್ನು ಕೊರೆಯಬೇಕಾಯಿತು ಎಂಬುದೇ ನಾನು ಹೇಳಹೊರಟಿರುವ ಕಥೆ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಈ ತಂತಿಗಳ ಗೊಡವೆ ಏಕೆಂದು ಓದುಗರು ಕೇಳಬಹುದು. ಹಳೆಯ ಆಟದ ಯಂತ್ರವನ್ನು ಇಂದು ಧೂಳು ಕೊಡವಿ ಎತ್ತಿಕೊಂಡವರ ನಡುವೆ ಒಂದು ಜಗಳವಿದೆ. ಯಾವ ತಂತಿಯಿಂದ ಬಂದ ಚಿತ್ರ ಸರಿಯಾದ ಚಿತ್ರ? ಈ ಜಗಳವನ್ನು ನಾನು ಬೇರೆ ಕಡೆ ಕೇಳಿದ್ದೇನೆ. ಓಲೆಗರಿಯ ಕಟ್ಟುಗಳನ್ನು ಮುಂದಿಟ್ಟುಕೊಂಡು, ಯಾವ ಪ್ರತಿಯ ಪಾಠ ಕವಿಯದು, ಯಾವುದು ಲಿಪಿಕಾರನದು ಎಂದು ನಮ್ಮ ವಿದ್ವಾಂಸರು ಆಡಿದ ಜಗಳವೂ ಇದೇ.

ಮೊದಲ ಅತಿಥಿಯನ್ನು ಕರೆತಂದವರು ರಾಲ್ಫ್ ಬೇರ್. ೧೯೨೨ರಲ್ಲಿ ಜರ್ಮನಿಯ ಯೆಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕಾಟದಿಂದ ೧೯೩೮ರಲ್ಲಿ ಅಮೆರಿಕೆಗೆ ಓಡಿಹೋದವರು. ೧೯೬೬ರಲ್ಲಿ ಅವರು ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ರಕ್ಷಣಾ ಸಾಮಗ್ರಿಯ ಕಂಪೆನಿಯಲ್ಲಿ ಎಂಜಿನಿಯರಾಗಿದ್ದರು. ನ್ಯೂಯಾರ್ಕಿನ ಬಸ್ ನಿಲ್ದಾಣವೊಂದರಲ್ಲಿ ಕಾಯುತ್ತಿದ್ದಾಗ ಅವರಿಗೆ ಹೊಳೆದದ್ದು ಇಷ್ಟು: ದೇಶದ ಮನೆಮನೆಯಲ್ಲಿ ಟೆಲಿವಿಷನ್ ಇದೆ; ಅದರಲ್ಲಿ ನೋಡುವುದರ ಹೊರತು ಬೇರೇನನ್ನೂ ಮಾಡಲಾಗದೆ? ಮರುದಿನ ನಾಲ್ಕು ಪುಟದ ಟಿಪ್ಪಣಿ ಬರೆದರು. ಒಳಹೋಗುವ ಉಪಾಯ ಸರಳವಾಗಿತ್ತು. ಬಾಗಿಲು ಪ್ರಸಾರ ಕೇಂದ್ರಕ್ಕೆ ಮಾತ್ರ ತೆರೆಯುವುದಾದರೆ ಯಂತ್ರವೇ ಪ್ರಸಾರ ಕೇಂದ್ರದ ವೇಷ ಹಾಕಲಿ! ತಮ್ಮ ಈ ಸುಳ್ಳು ಕೇಂದ್ರಕ್ಕೆ ಅವರು 'ಎಲ್‌ಪಿ ಚಾನೆಲ್' ಎಂದು ಹೆಸರನ್ನೂ ಇಟ್ಟರು. 'ಆಡೋಣ' ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳವು. ಅವರು ಕಟ್ಟಿದ ಕಂದು ಬಣ್ಣದ ಮಾದರಿ ಪೆಟ್ಟಿಗೆ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ.

ಅದನ್ನೇ ಮ್ಯಾಗ್ನವಾಕ್ಸ್ ಕಂಪೆನಿ ೧೯೭೨ರಲ್ಲಿ 'ಒಡಿಸ್ಸಿ' ಎಂದು ಮಾರಿತು. ಸದ್ದಿಲ್ಲ, ಬಣ್ಣವಿಲ್ಲ, ಕಪ್ಪು ತೆರೆಯ ಮೇಲೆ ಕೆಲವು ಬಿಳಿಯ ಚೌಕಗಳು. ಬಣ್ಣ ಬೇಕಾದವರು ಕೊಟ್ಟಿದ್ದ ಪಾರದರ್ಶಕ ಹಾಳೆಯನ್ನು ತೆರೆಗೆ ಅಂಟಿಸಿಕೊಳ್ಳಬೇಕು. ಆಂಟೆನಾದ ತಂತಿಯನ್ನು ಕಳಚಿ ನಡುವೆ ಒಂದು ಪುಟ್ಟ ಸ್ವಿಚ್ಚು ಸೇರಿಸಿ, ಪೆಟ್ಟಿಗೆಯನ್ನು ೩ ಅಥವಾ ೪ನೆಯ ಚಾನೆಲ್ಲಿಗೆ ತಿರುಗಿಸಿದರೆ ಆಟ ಮೂಡುತ್ತಿತ್ತು. ೧೯೭೭ರ ಅಟಾರಿಯೂ, ೧೯೮೩ರ ಜುಲೈ ೧೫ರಂದು ಜಪಾನಿನಲ್ಲಿ ೧೪,೮೦೦ ಯೆನ್ನಿಗೆ ಮಾರಾಟಕ್ಕೆ ಬಂದ ನಿಂಟೆಂಡೊ ಫ್ಯಾಮಿಕಾಮೂ ಹೋದದ್ದು ಇದೇ ದಾರಿಯಲ್ಲಿ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ, ಎರಡು ಗಜದಾಚೆಯ ತೆರೆಗೆ ಹೋಗಬೇಕಾದ ಚಿತ್ರವನ್ನು ಮೊದಲು ರೇಡಿಯೋ ಅಲೆಯ ಮೇಲೆ ಹೊರಿಸಿ, ಆಮೇಲೆ ಪೆಟ್ಟಿಗೆಯೊಳಗೆ ಇಳಿಸಿಕೊಳ್ಳಬೇಕು. ಹೊರಿಸಿ ಇಳಿಸುವ ಈ ಗದ್ದಲದಲ್ಲಿ ಸುತ್ತಲಿನ ನಿಜವಾದ ಪ್ರಸಾರಗಳೂ ಮಿಕ್ಸಿಯ ಮೋಟಾರೂ ನಡುವೆ ಬಾಯಿ ಹಾಕುತ್ತಿದ್ದವು. ಚಿತ್ರದ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಬರುತ್ತಿದ್ದುದು ಅದಕ್ಕೇ.

ರೇಡಿಯೋ ಅಲೆಯ ಹೊರೆಯನ್ನು ಬಿಟ್ಟು ಚಿತ್ರಸಂಕೇತವನ್ನು ನೇರವಾಗಿ ಕಳುಹಿಸುವ ಎರಡನೆಯ ದಾರಿಯೇ ನಮಗೆಲ್ಲ ಗೊತ್ತಿರುವ ಹಳದಿ ತಂತಿ. ಇದನ್ನು ಕಾಂಪೊಸಿಟ್ ಎನ್ನುತ್ತಾರೆ. ಎಲ್ಲವನ್ನೂ ಒಂದರಲ್ಲೇ ಕಲಸಿದ್ದು ಎಂದರ್ಥ. ಏಕೆ ಕಲಸಬೇಕಾಯಿತು ಎಂಬುದಕ್ಕೆ ೧೯೫೩ಕ್ಕೆ ಹೋಗಬೇಕು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕೆಯ ಸರಕಾರ ಎನ್‌ಟಿಎಸ್‌ಸಿ ಎಂಬ ವರ್ಣ ಪದ್ಧತಿಗೆ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ ಲಕ್ಷೋಪಲಕ್ಷ ಮನೆಗಳಲ್ಲಿ ಕಪ್ಪು ಬಿಳುಪಿನ ಪೆಟ್ಟಿಗೆಗಳು ಇದ್ದವು. ಅವು ಕೆಡಬಾರದು, ಪ್ರಸಾರಕ್ಕಿದ್ದ ಅಗಲವೂ ಹೆಚ್ಚಬಾರದು, ಆದರೂ ಬಣ್ಣ ಬರಬೇಕು. ಎಂಜಿನಿಯರರು ಬೆಳಕು-ನೆರಳಿನ ಸಂಕೇತವನ್ನು ಹಾಗೆಯೇ ಇಟ್ಟು, ಸೆಕೆಂಡಿಗೆ ೩೫,೭೯,೫೪೫ ಸಲ ತುಯ್ಯುವ ಇನ್ನೊಂದು ಪುಟ್ಟ ಅಲೆಯ ಮೇಲೆ ಬಣ್ಣವನ್ನು ಬರೆದು, ಅದನ್ನು ಮೊದಲಿನ ಸಂಕೇತದ ಸಂದುಗಳಲ್ಲಿ ತುರುಕಿದರು.

ಓಲೆಗರಿಯ ಸಾಲುಗಳ ಸಂದಿನಲ್ಲಿ ಸಣ್ಣಕ್ಷರದ ಟೀಕು ಬರೆದ ಪ್ರತಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೂಲವೂ ಉಂಟು, ಟೀಕೂ ಉಂಟು, ಗರಿ ಮಾತ್ರ ಒಂದೇ. ಅವಸರದಲ್ಲಿ ಓದುವವನು ಟೀಕನ್ನು ಮೂಲವೆಂದೂ ಮೂಲವನ್ನು ಟೀಕೆಂದೂ ಓದಿಬಿಡುತ್ತಾನೆ. ಟೆಲಿವಿಷನ್ನೂ ಅದನ್ನೇ ಮಾಡುತ್ತದೆ. ಬಣ್ಣವನ್ನು ಬೆಳಕೆಂದು ಓದಿದಾಗ ಅಂಚುಗಳಲ್ಲಿ ಚುಕ್ಕೆಗಳು ಇರುವೆ ಸಾಲಿನಂತೆ ಹರಿಯುತ್ತವೆ. ಬೆಳಕಿನ ನವಿರಾದ ಗೆರೆಗಳನ್ನು ಬಣ್ಣವೆಂದು ಓದಿದಾಗ ಇಲ್ಲದ ಕಾಮನಬಿಲ್ಲು ಮೂಡುತ್ತದೆ.

ಈ ಓದಿನ ತಪ್ಪನ್ನು ಬೇಕೆಂದೇ ದುಡಿಸಿಕೊಂಡ ಜಾಣನೊಬ್ಬನಿದ್ದ. ೧೯೭೭ರ ಆಪಲ್ ೨ ಎಂಬ ಗಣಕಯಂತ್ರದಲ್ಲಿ ಸ್ಟೀವ್ ವಾಜ್ನಿಯಾಕ್ ಬಣ್ಣಕ್ಕೆಂದು ದುಬಾರಿ ಉಪಕರಣವನ್ನೇನೂ ಹಾಕಲಿಲ್ಲ. ಕಪ್ಪು ಬಿಳುಪಿನ ಚುಕ್ಕೆಗಳನ್ನೇ ಬಣ್ಣದ ಅಲೆಯ ತಾಳಕ್ಕೆ ಸರಿಯಾಗಿ ಬಿಡುಗಡೆ ಮಾಡಿದರು. ಟೆಲಿವಿಷನ್ ಅವುಗಳನ್ನು ಹಸಿರೆಂದೂ ನೇರಳೆಯೆಂದೂ ಓದಿಕೊಂಡಿತು. ಆ ಬಣ್ಣ ಯಂತ್ರದಲ್ಲಿಲ್ಲ, ತೆರೆಯಲ್ಲಿಯೂ ಇಲ್ಲ. ನಡುವಿನ ತಂತಿಯ ಕಲಸುವಿಕೆಯಲ್ಲಿದೆ. ಆ ಚುಕ್ಕೆಗಳನ್ನು ಬೆರಕೆಯಿಲ್ಲದ ದಾರಿಯಲ್ಲಿ ತೆರೆಗೆ ಒಯ್ದರೆ ಬಣ್ಣವೇ ಹಾರಿಹೋಗಿ ಕಪ್ಪು ಬಿಳುಪು ಉಳಿಯುತ್ತದೆ. ತಂತಿ ಒಳ್ಳೆಯದಾದಷ್ಟೂ ಚಿತ್ರ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಇಲ್ಲಿಗೇ ಮುಗ್ಗರಿಸುತ್ತದೆ.

ಐರೋಪ್ಯರು ಅಮೆರಿಕೆಯ ಪದ್ಧತಿಯನ್ನು ತಿದ್ದಿ ತೆಗೆದುಕೊಂಡರು. ಹ್ಯಾನೋವರಿನಲ್ಲಿ ಟೆಲಿಫುಂಕೆನ್ ಸಂಸ್ಥೆಯ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್ ಪದ್ಧತಿ ೧೯೬೭ರಲ್ಲಿ ಪ್ರಸಾರಕ್ಕೆ ಬಂದಿತು. ೧೯೮೨ರಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಾವು ಹಿಡಿದದ್ದೂ ಅದನ್ನೇ. ಫ್ರೆಂಚರು ಮಾತ್ರ ತಮ್ಮದೇ ಆದ ಸೆಕಾಮ್ ಪದ್ಧತಿ ಬಿಡಲಿಲ್ಲ. ಅವರ ಈ ಹಠವೇ ಮುಂದೆ ಅವರ ಮಕ್ಕಳಿಗೆ ವರವಾಯಿತು. ಅದು ಹೀಗೆ: ಫ್ರಾನ್ಸಿನ ರೇಡಿಯೋ-ಟೆಲಿವಿಷನ್ ತಯಾರಕರ ಸಂಘ ಇಪ್ಪತ್ತೊಂದು ಕಡ್ಡಿಗಳ ಒಂದು ಅಗಲವಾದ ಕಿಂಡಿಯನ್ನು ರೂಪಿಸಿತು. ಸಂಘದ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಸ್ಕಾರ್ಟ್ ಎಂದು ಹೆಸರು. ೧೯೮೦ರ ಸುಮಾರಿನಿಂದ ಆ ದೇಶದಲ್ಲಿ ಮಾರುವ ಹೊಸ ಟೆಲಿವಿಷನ್ನುಗಳಿಗೆಲ್ಲ ಅದು ಕಡ್ಡಾಯವಾಯಿತು. ಈ ಕಿಂಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ದಾರಿ. ಸಾಲು ಎಲ್ಲಿ ಮೊದಲಾಗುತ್ತದೆಂದು ತಾಳ ಹಾಕಿ ತೋರಿಸುವ ಸಂಕೇತಕ್ಕೆ ನಾಲ್ಕನೆಯ ದಾರಿ. ಕಲಸುವುದೂ ಇಲ್ಲ, ಬಿಡಿಸುವುದೂ ಇಲ್ಲ. ಟೀಕು ಬೇರೆ ಗರಿ, ಮೂಲ ಬೇರೆ ಗರಿ.

ಇವೆರಡರ ನಡುವೆ ಎಸ್-ವಿಡಿಯೋ ಎಂಬ ಮಧ್ಯಮ ಮಾರ್ಗವೂ ಉಂಟು. ಬೆಳಕು ಒಂದು ಎಳೆಯಲ್ಲಿ, ಬಣ್ಣವೆಲ್ಲ ಸೇರಿ ಇನ್ನೊಂದು ಎಳೆಯಲ್ಲಿ. ೧೯೮೭ರಲ್ಲಿ ಜೆವಿಸಿ ಕಂಪೆನಿಯ ಸೂಪರ್ ವಿಎಚ್‌ಎಸ್ ಯಂತ್ರಗಳೊಡನೆ ಇದು ಹರಡಿತು. ಹೆಚ್ಚು ಹೇಳುವಂಥದ್ದೇನಿಲ್ಲ, ಒಳ್ಳೆಯ ತಂತಿ, ಗಲಾಟೆ ಮಾಡದ ತಂತಿ.

ನಮ್ಮಲ್ಲಿಗೆ ಈ ಬಾಗಿಲುಗಳು ಬಂದದ್ದು ಕಡಮೆ. ೧೯೯೦ರ ದಶಕದ ಆರಂಭದಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ಊರೂರಿಗೆ ಬಂದ 'ಟಿ.ವಿ. ಗೇಮ್'ಗಳೆಲ್ಲ ಫ್ಯಾಮಿಕಾಮಿನ ನಕಲುಗಳು. ಬೇಸಗೆ ರಜೆಯಲ್ಲಿ ಅಪ್ಪ ಕಚೇರಿಯಿಂದ ಬರುವುದರೊಳಗೆ ಆಂಟೆನಾ ತಂತಿಯನ್ನು ಮತ್ತೆ ಸಿಕ್ಕಿಸಿಡುವುದೇ ಅಕ್ಕನಿಗೂ ನನಗೂ ದೊಡ್ಡ ಕಸರತ್ತಾಗಿತ್ತು. ಏಳು ಗಂಟೆಯ ವಾರ್ತೆ ತಪ್ಪುವಂತಿರಲಿಲ್ಲ. ಸ್ಕಾರ್ಟ್ ಕಿಂಡಿಯ ಪೆಟ್ಟಿಗೆಯನ್ನು ನಾನು ಅಂದು ಕಂಡವನಲ್ಲ.

ಅದೇ ಅಕ್ಕನ ಮಗ ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೆಲಸದ ಮೇಲೆ ಜಪಾನಿಗೆ ಹೋದವನು ಹಳೆಯದೊಂದು ಸೇಗಾ ಮೆಗಾಡ್ರೈವ್ ತಂದ. ೧೯೮೮ರಲ್ಲಿ ಬಂದ ಯಂತ್ರ; ಅದರ ಬೆನ್ನಿನ ಕಿಂಡಿಯಿಂದ ಕಲಸಿದ ಸಂಕೇತವೂ ಬರುತ್ತದೆ, ಮೂರು ಬಣ್ಣಗಳ ಬಿಡಿ ಸಂಕೇತವೂ ಬರುತ್ತದೆ. ಅವನು ವಿದೇಶದಿಂದ ಬೆಲೆಬಾಳುವ ಮೂರು ಬಣ್ಣದ ತಂತಿ ತರಿಸಿ, ಅದಕ್ಕೊಂದು ಪರಿವರ್ತಕ ಸೇರಿಸಿ, ಗೋಡೆಯ ಚಪ್ಪಟೆ ತೆರೆಗೆ ಜೋಡಿಸಿ, ೧೯೯೧ರ 'ಸೋನಿಕ್' ಆಟ ಹಾಕಿ ನನ್ನನ್ನು ಕರೆದ. ಮೊದಲ ಘಟ್ಟ ಹಸಿರು ಗುಡ್ಡದ ಸೀಮೆ, ಅಲ್ಲಿ ಜಲಪಾತಗಳಿವೆ.

"ಮಾವ, ನೀವೇ ನೋಡಿ. ನೀರು ಬೀಳುತ್ತಿಲ್ಲ, ಕಿಟಕಿಯ ಸರಳು ನಿಂತಿದೆ" ಎಂದ.

ನಿಜ. ನೀಲಿಯ ಒಂದು ಗೆರೆ, ಸಂದು. ಮತ್ತೊಂದು ಗೆರೆ, ಸಂದು. ಮೆಗಾಡ್ರೈವಿಗೆ ಒಟ್ಟು ೫೧೨ ಬಣ್ಣಗಳಲ್ಲಿ ಸಾಮಾನ್ಯವಾಗಿ ಒಮ್ಮೆಗೆ ೬೪ಕ್ಕೆ ಮೀರದಂತೆ ತೋರುವ ಶಕ್ತಿ. ಒಂದರ ಮೂಲಕ ಇನ್ನೊಂದು ಕಾಣುವಂತೆ ಎರಡು ಬಣ್ಣಗಳನ್ನು ಬೆರೆಸುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಚಿತ್ರ ಬರೆದವರು ಗೆರೆ ಬಿಟ್ಟು ಗೆರೆ ಬರೆದರು. ಈ ಜೋಡಿಗೆರೆಗಳು ಸೆಕೆಂಡಿಗೆ ಸುಮಾರು ೩೩ ಲಕ್ಷ ಸಲ ಬಂದುಹೋಗುತ್ತವೆ. ಬಣ್ಣದ ಅಲೆಯ ೩೫ ಲಕ್ಷಕ್ಕೆ ತೀರ ಹತ್ತಿರ. ಹಳದಿ ತಂತಿಯಲ್ಲಿ ಹೋದಾಗ ಟೆಲಿವಿಷನ್ ಗೆರೆಗಳನ್ನು ಬಿಡಿಸಿ ಓದಲಾರದೆ ಒಂದರೊಳಗೊಂದು ಕರಗಿಸುತ್ತದೆ. ಗೆರೆ ಅಳಿದು ತೆಳುನೀರಿನ ಪರದೆ ಇಳಿಯುತ್ತದೆ. ಅದರ ಹಿಂದಿನ ಬಂಡೆ ಮಸುಕಾಗಿ ಕಾಣುತ್ತದೆ. ಮೇಲೆ ಒಂದಿಷ್ಟು ಕಾಮನಬಿಲ್ಲಿನ ಛಾಯೆಯೂ ಆಡುತ್ತದೆ. ಪೆಟ್ಟಿಗೆಯಲ್ಲಿದ್ದ ಅಗ್ಗದ ಹಳದಿ ತಂತಿಯನ್ನು ಹುಡುಕಿ ತೆಗೆದು ಸಿಕ್ಕಿಸಿದೆವು. ಜೋಗವೇನಲ್ಲ, ಆದರೂ ನೀರು ಬಿತ್ತು.

ಅವನು ಸೋಲುವ ಹುಡುಗನಲ್ಲ. "ಯಂತ್ರದೊಳಗೆ ಇರುವುದು ಗೆರೆಯೇ ಅಲ್ಲವೆ, ಮಾವ? ಶುದ್ಧವಾದ ತಂತಿ ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ಹಳದಿ ತಂತಿ ಕೆಡಿಸಿ ತೋರಿಸಿತು. ಕೆಟ್ಟದ್ದು ಚೆನ್ನಾಗಿ ಕಂಡರೆ ಅದು ಮೂಲವಾಗುತ್ತದೆಯೆ?" ಎಂದು ಕೇಳಿದ.

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಯಂತ್ರದೊಳಗಿರುವುದನ್ನು ಗರಿಯ ಮೇಲಿನ ಅಕ್ಷರವೆನ್ನಿ. ಅಕ್ಷರವನ್ನು ಚ್ಯುತಿಯಿಲ್ಲದೆ ಅಚ್ಚುಮಾಡುವುದು ಸಂಪಾದಕನ ಮೊದಲ ಧರ್ಮ. ಆದರೆ ಹಾಡುಗಬ್ಬವನ್ನು ಬರೆದವನು ಅದು ಹಾಡಾಗಿ ಕಿವಿಗೆ ಬೀಳುತ್ತದೆಂದು ತಿಳಿದೇ ಬರೆದಿರುತ್ತಾನೆ. ಕಾಗದದ ಮೇಲೆ ಒಂದು ಮಾತ್ರೆ ಕಡಮೆಯಾಗಿ ಕಂಡದ್ದು ಗಾಯಕನ ಎಳೆತದಲ್ಲಿ ತುಂಬಿಕೊಳ್ಳುತ್ತದೆ. ಗೆರೆ ಬಿಟ್ಟು ಗೆರೆ ಬರೆದವರು ತಮ್ಮ ಚಿತ್ರ ಎಂಥ ಪೆಟ್ಟಿಗೆಗಳಲ್ಲಿ ಮೂಡುತ್ತದೆಂದು ಬಲ್ಲವರು. ಜಪಾನಿನಲ್ಲಿ, ಅಮೆರಿಕೆಯಲ್ಲಿ ಬಹುಪಾಲು ಮನೆಗಳಿಗೆ ಆಟ ಹೋದದ್ದು ಆಂಟೆನಾ ಬಾಗಿಲಿನಿಂದ ಇಲ್ಲವೆ ಹಳದಿ ಬಾಗಿಲಿನಿಂದ. ಆ ಬಾಗಿಲನ್ನು ದಾಟಿದ ಮೇಲಷ್ಟೇ ಗೆರೆ ನೀರಾಗುತ್ತದೆ. ಆದುದರಿಂದ ಈ ಒಂದು ಆಟದ ಮಟ್ಟಿಗೆ ನನ್ನ ಮತ ಹಳದಿ ತಂತಿಗೆ ಎಂದೆ.

"ಹಾಗಾದರೆ ಫ್ರಾನ್ಸಿನ ಮಕ್ಕಳ ಗತಿ?" ಎಂದು ಅವನು ಕೇಳಿದ್ದೇ ತಡ, ನಾನು ಸುಮ್ಮನಾಗಬೇಕಾಯಿತು. ಸೆಕಾಮ್ ದೇಶದ ಪೆಟ್ಟಿಗೆಗಳು ಪಾಲ್ ಬಣ್ಣವನ್ನು ಓದಲಾರವಾದ್ದರಿಂದ, ಅಲ್ಲಿ ಮೆಗಾಡ್ರೈವ್ ಮಾರಿದವರು ಮೂರು ಬಣ್ಣದ ಸ್ಕಾರ್ಟ್ ತಂತಿಯನ್ನೇ ಜೊತೆಗೆ ಕೊಟ್ಟರು. ಆ ಮಕ್ಕಳು ಮೊದಲ ದಿನದಿಂದಲೂ ಕಂಡದ್ದು ಗೆರೆಗಳನ್ನು. ಅವರಿಗೆ ಜಲಪಾತವೆಂದರೆ ಅದೇ. ಇಂದು ನಲವತ್ತು ದಾಟಿರುವ ಆ ಫ್ರೆಂಚರ ಮುಂದೆ ನನ್ನ ಹಳದಿ ತಂತಿಯನ್ನು ಹಿಡಿದರೆ, ಚಿತ್ರ ಕೆಟ್ಟಿದೆ ಎಂದಾರು. ಮಹಾಭಾರತಕ್ಕೆ ಉತ್ತರದ ಪಾಠ, ದಕ್ಷಿಣದ ಪಾಠ ಎಂದು ಎರಡು ಪರಂಪರೆ ಇರುವ ಹಾಗೆ ಇಲ್ಲಿಯೂ ಎರಡು ಪರಂಪರೆಗಳು ನಿಂತುಬಿಟ್ಟಿವೆ. ಒಂದನ್ನು ಒರೆಸಿ ಇನ್ನೊಂದನ್ನು ಉಳಿಸುವ ಅಧಿಕಾರ ಯಾರಿಗೂ ಇದ್ದಂತೆ ನನಗೆ ತೋರುವುದಿಲ್ಲ.

ಫ್ರಾನ್ಸಿನ ಮಾತು ಬಂದಾಗ ಇನ್ನೊಂದು ಸ್ವಾರಸ್ಯ. ನಿಂಟೆಂಡೊದ ಎಂಟು ಬಿಟ್ಟಿನ ಯಂತ್ರದಲ್ಲಿ ಕಲಸಿದ ಸಂಕೇತ ಹುಟ್ಟುವುದು ಚಿತ್ರ ಬರೆಯುವ ಚಿಪ್ಪಿನ ಹೊಟ್ಟೆಯಲ್ಲಿಯೇ. ಬಿಡಿ ಬಣ್ಣಗಳೆಂಬುದು ಅದರೊಳಗೆ ಯಾವ ಘಟ್ಟದಲ್ಲೂ ಇಲ್ಲ. ಆದರೂ ಫ್ರಾನ್ಸಿನಲ್ಲಿ ಅದಕ್ಕೆ ಸ್ಕಾರ್ಟ್ ಇರಲೇಬೇಕು. ಏನು ಮಾಡಿದರು? ಕಲಸಿ ಬಂದದ್ದನ್ನು ಬಿಡಿಸುವ ಒಂದು ಪುಟ್ಟ ಹಲಗೆಯನ್ನು ಯಂತ್ರದೊಳಗೇ ಕೂಡಿಸಿ, ಬಿಡಿಸಿದ ಮೂರು ಬಣ್ಣಗಳನ್ನು ಹೊರಗೆ ಕಳುಹಿಸಿದರು. ಹಾಲು ನೀರನ್ನು ಬೆರೆಸಿ, ಹಂಸವನ್ನು ಕೂಲಿಗೆ ಕರೆದ ಹಾಗೆ. ಇದೇ ಚಿಪ್ಪಿನ ಇನ್ನೊಂದು ಬಗೆಯನ್ನು ಅಂಗಡಿಗಳಲ್ಲಿಡುವ ಆಟದ ಯಂತ್ರಗಳಿಗೆಂದು ಮಾಡಿದರು. ಅದು ಬಿಡಿ ಬಣ್ಣಗಳನ್ನೇ ಕೊಡುತ್ತದೆ, ಆದರೆ ಬಣ್ಣಗಳ ಛಾಯೆಯೇ ಬೇರೆ. ಹೀಗಾಗಿ ಮಾರಿಯೋನ ಆಕಾಶದ ನಿಜವಾದ ನೀಲಿ ಯಾವುದೆಂದು ವಾದಿಸುವವರಿಗೆ ಕೊನೆಯಿಲ್ಲ.

೧೯೯೦ರ ಸೂಪರ್ ಫ್ಯಾಮಿಕಾಮಿನ ವಿಷಯದಲ್ಲಿ ನನಗೆ ಇಷ್ಟು ಅನುಮಾನವಿಲ್ಲ. ಅದು ಬಣ್ಣಗಳನ್ನು ತಾನೇ ಬೆರೆಸಬಲ್ಲದು, ಗೆರೆಯ ಮೊರೆ ಹೋಗಬೇಕಾದ್ದು ಅಪರೂಪ. ಅದರ ಕಥನದ ಆಟಗಳಲ್ಲಿ ಓದುವ ಮಾತು ಬಹಳ. ಹಳದಿ ತಂತಿಯಲ್ಲಿ ಸಣ್ಣ ಅಕ್ಷರಗಳು ಮಸಿ ಹೀರಿದ ಕಾಗದದ ಮೇಲೆ ಬರೆದಂತಾಗುತ್ತವೆ. ಅದಕ್ಕೆ ಎಸ್-ವಿಡಿಯೋ ಇರಲಿ, ಸಾಧ್ಯವಾದರೆ ಮೂರು ಬಣ್ಣದ ತಂತಿಯೇ ಇರಲಿ.

ಆದರೆ ಕೊಳ್ಳುವವರು ಎಚ್ಚರವಾಗಿರಬೇಕು. ಜಪಾನಿನವರೂ ಸ್ಕಾರ್ಟಿನಂಥದೇ ಇಪ್ಪತ್ತೊಂದು ಕಡ್ಡಿಗಳ ಕಿಂಡಿ ಮಾಡಿದರು. ನೋಡಲು ಅವಳಿ ಜವಳಿ. ಒಳಗೆ ಎಳೆಗಳ ಜೋಡಣೆ ಮಾತ್ರ ಬೇರೆ. ಒಂದರ ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಸುಲಭವಾಗಿ ಒಳಗೆ ಹೋಗುತ್ತದೆ, ಚಿತ್ರ ಬರುವುದಿಲ್ಲ, ಕೆಲವೊಮ್ಮೆ ಉಪಕರಣವೇ ಕೆಡುತ್ತದೆ. ಸೂಪರ್ ಫ್ಯಾಮಿಕಾಮಿನಲ್ಲಿಯೇ ಜಪಾನಿನ ಯಂತ್ರದ ತಂತಿಯೊಳಗೆ ೨೨೦ ಮೈಕ್ರೊಫ್ಯಾರಡಿನ ಕೆಪ್ಯಾಸಿಟರುಗಳಿರಬೇಕು, ಐರೋಪ್ಯ ಯಂತ್ರದ ತಂತಿಯೊಳಗೆ ೭೫ ಓಮಿನ ರೆಸಿಸ್ಟರುಗಳಿರಬೇಕು. ಜಪಾನಿನದರಲ್ಲಿ ತಾಳದ ಸಂಕೇತ ಬರುವ ಕಡ್ಡಿಯಲ್ಲಿ ಐರೋಪ್ಯದ್ದರಲ್ಲಿ ೧೨ ವೋಲ್ಟಿನ ವಿದ್ಯುತ್ತು ಬರುತ್ತದೆ. ಹೊರಗಿನ ಪ್ಲಗ್ಗು ನೋಡಿ ಇದನ್ನು ಹೇಳುವಂತಿಲ್ಲ. ಒಳಗಿನ ಒಂದೊಂದು ಎಳೆಗೂ ಬೇರೆ ಬೇರೆ ಲೋಹದ ಕವಚವಿಲ್ಲದ ಅಗ್ಗದ ತಂತಿಗಳಲ್ಲಿ ಚಿತ್ರ ಬೆಳಗಿದಂತೆಲ್ಲ ಸದ್ದಿನಲ್ಲಿ ಒಂದು ಗುಂಯ್ ಎನ್ನುವ ದನಿ ಸೇರಿಕೊಳ್ಳುತ್ತದೆ. ಮೊದಲ ಮಾದರಿಯ ಮೆಗಾಡ್ರೈವಿನ ಹಿಂದಿನ ಕಿಂಡಿಯಲ್ಲಿ ಬರುವುದು ಒಂಟಿ ಧ್ವನಿ. ಎರಡೂ ಕಿವಿಗೆ ಬೇರೆ ಬೇರೆ ಧ್ವನಿ ಬೇಕಾದರೆ ಮುಂದಿನ ಹೆಡ್‌ಫೋನ್ ಕಿಂಡಿಯಿಂದ ಎಳೆದುಕೊಳ್ಳಬೇಕು. ಜಪಾನಿನ ಯಂತ್ರವನ್ನು ಪಾಲ್ ಮಾತ್ರ ಬಲ್ಲ ಹಳೆಯ ಪೆಟ್ಟಿಗೆಗೆ ಹಳದಿ ತಂತಿಯಿಂದ ಸೇರಿಸಿದರೆ ಬಣ್ಣ ಬರುವುದಿಲ್ಲ. ಇನ್ನು ಐರೋಪ್ಯ ಯಂತ್ರ ತಂದವರಿಗೆ ಬೇರೊಂದು ಕಾಟ: ಸೆಕೆಂಡಿಗೆ ೬೦ ಚಿತ್ರಗಳ ಲೆಕ್ಕದಲ್ಲಿ ಕಟ್ಟಿದ ಆಟ ಅಲ್ಲಿ ೫೦ರಲ್ಲಿ ಓಡಬೇಕು, ಸೋನಿಕ್ ಆರರಲ್ಲೊಂದು ಪಾಲು ನಿಧಾನವಾಗಿ ಓಡುತ್ತಾನೆ, ಅವನ ಹಾಡೂ ಅಷ್ಟೇ ನಿಧಾನ. ಯಾವ ತಂತಿಯೂ ಅದನ್ನು ಸರಿಮಾಡದು.

ತಂತಿಯ ತುದಿಯಲ್ಲಿರುವ ತೆರೆಯ ಮಾತನ್ನೂ ಹೇಳಬೇಕು. ಹಳೆಯ ಯಂತ್ರಗಳು ಕಳುಹಿಸುತ್ತಿದ್ದುದು ಸುಮಾರು ೨೪೦ ಸಾಲುಗಳ ಚಿತ್ರ. ಪ್ರಸಾರದ ಚಿತ್ರದ ಅರ್ಧ. ಗಾಜಿನ ಚಿತ್ರನಳಿಗೆಯ ಪೆಟ್ಟಿಗೆ ಅದನ್ನು ಸಾಲು ಬಿಟ್ಟು ಸಾಲು ಬೆಳಗಿಸುತ್ತಿತ್ತು, ನಡುವೆ ಕಪ್ಪು ಸಂದು ಉಳಿಯುತ್ತಿತ್ತು. ಇಂದಿನ ಚಪ್ಪಟೆ ತೆರೆಗಳಲ್ಲಿ ಅನೇಕವು ಇದನ್ನು ಪ್ರಸಾರದ ಚಿತ್ರವೆಂದೇ ತಿಳಿದು, ಎರಡೆರಡನ್ನು ಹೊಲಿದು ಒಂದು ಮಾಡಹೋಗುತ್ತವೆ. ಪೆಟ್ಟು ತಿಂದ ಆಟಗಾರ ಮಿಣುಕುವುದು ಒಮ್ಮೊಮ್ಮೆ ಕಾಣುವುದೇ ಇಲ್ಲ. ಗುಂಡಿ ಒತ್ತಿದ್ದಕ್ಕೂ ಅವನು ಹಾರಿದ್ದಕ್ಕೂ ನಡುವೆ ಒಂದು ಕ್ಷಣ ಕಳೆದುಹೋಗುತ್ತದೆ. ಬಾತುಕೋಳಿ ಬೇಟೆಯ ಆಟಕ್ಕೆ ನಿಂಟೆಂಡೊ ಕೊಟ್ಟಿದ್ದ ಬೆಳಕಿನ ಬಂದೂಕಂತೂ ಚಪ್ಪಟೆ ತೆರೆಯ ಮುಂದೆ ಪೂರ್ತಿ ಕುರುಡು. ಕುದುರೆ ಒತ್ತಿದ ಕ್ಷಣ ತೆರೆ ಕಪ್ಪಾಗಿ, ಬಾತಿನ ಜಾಗದಲ್ಲಿ ಬಿಳಿಯ ಚೌಕ ಮಿಂಚುವುದನ್ನು ಅದರ ಕಣ್ಣು ಹಿಡಿಯಬೇಕು. ಆ ಮಿಂಚು ಬರುವ ಗಳಿಗೆಯ ಲೆಕ್ಕ ಗಾಜಿನ ನಳಿಗೆಯದು.

ನಮ್ಮ ಹುಡುಗ ಈಗ ಗಾಜಿನ ಪೆಟ್ಟಿಗೆಯೊಂದನ್ನು ಹುಡುಕುತ್ತಿದ್ದಾನೆ. ಗುಜರಿಯವರು ಅವನ್ನು ತೂಕಕ್ಕೆ ಕೊಂಡು ಒಡೆಯುವುದರಿಂದ, ನೆರೆಹೊರೆಯಲ್ಲಿ ಯಾರಾದರೂ ಅಟ್ಟದಿಂದ ಇಳಿಸುವ ಮುನ್ನವೇ ಹೇಳಿಟ್ಟಿರಬೇಕು. ಅವನಿಗೆ ನಾನು ಹೇಳಿರುವುದು ಮೂರು: ಬೆನ್ನಿನಲ್ಲಿ ಹಳದಿ ಕಿಂಡಿ ಇರಲಿ, ಎನ್‌ಟಿಎಸ್‌ಸಿಯನ್ನೂ ಬಲ್ಲ ಪೆಟ್ಟಿಗೆಯಾಗಿರಲಿ, ಹೊತ್ತು ತರಲು ಇಬ್ಬರು ಬೇಕು.